ನಾನು ಹಿಡಿದ ಹಡಗಿನ ಸಾಹುಕಾರ

ಬ್ಯಾಂಕಿನಲ್ಲಿ ಕೆಲಸ ಎಂದರೆ ಸಾಕು, ಸಾಲ ಕೊಡಿಸುವ ಪುಣ್ಯಾತ್ಮ ಎಂದುಕೊಂಡು ಜನ ಕುರ್ಚಿ ಎಳೆದು ನನ್ನ ಹತ್ತಿರ ಕೂರುತ್ತಾರೆ. ನನ್ನ ಮೇಜು ಇರುವುದು ಮೂರನೆಯ ಮಹಡಿಯಲ್ಲಿ, ಹಳೇ ಕಡತಗಳ ಕೋಣೆಗೂ ಗಂಡಸರ ಶೌಚಾಲಯಕ್ಕೂ ನಡುವೆ, ಅಲ್ಲಿ ನಾನು ದಿನವಿಡೀ ಹೆಸರು ಓದುತ್ತೇನೆ ಎಂದು ತಿಳಿದ ಮೇಲೆ ಅದೇ ಕುರ್ಚಿ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ.

ಕೆಲಸ ಇಷ್ಟೇ. ದೇಶದೇಶಗಳು ಕೂಡಿ ಒಂದು ನಿರ್ಬಂಧ ಪಟ್ಟಿ ಮಾಡುತ್ತವೆ. ಕದ್ದು ಆಯುಧ ಸಾಗಿಸುವವರು, ಅವರಿಗೆ ಹಡಗು ಕೊಡುವವರು, ಆ ಹಡಗಿಗೆ ಸುಳ್ಳು ಕಾಗದ ಮಾಡಿಕೊಡುವವರು, ಹೀಗೆ. ಅಂಥವರ ಖಾತೆ ಯಾವ ಬ್ಯಾಂಕಿನಲ್ಲಿದ್ದರೂ ಅದೇ ದಿನ ಫ್ರೀಜ್ ಮಾಡಬೇಕು. ಒಂದು ಕಾಸು ಒಳಗೆ ಬರಬಾರದು, ಹೊರಗೆ ಹೋಗಬಾರದು. ಪಟ್ಟಿ ಹೊಸದಾದಾಗಲೆಲ್ಲ ನಮ್ಮ ಗ್ರಾಹಕರ ಹೆಸರುಗಳ ಜೊತೆ ಅದನ್ನು ಹೋಲಿಸಬೇಕು. ಹೋಲಿಸುವುದು ಕಂಪ್ಯೂಟರ್. ಹೋಲಿಕೆ ಕಂಡರೆ ಪರದೆಯ ಮೇಲೆ ಕೆಂಪು ಗೆರೆ ಬರುತ್ತದೆ. ಅದು ನಿಜವೋ ಸುಳ್ಳೋ ಎಂದು ನೋಡುವುದಕ್ಕೆ ಒಬ್ಬ ಮನುಷ್ಯ ಇರಲೇಬೇಕೆಂದು ನಿಯಮ. ಬುದ್ಧಿವಂತ ಮನುಷ್ಯನೇ ಆಗಬೇಕೆಂದು ನಿಯಮದಲ್ಲಿಲ್ಲ, ಹಾಗಾಗಿ ನಾನಿದ್ದೇನೆ.

ಈ ಹುದ್ದೆ ನನಗೆ ಸಿಕ್ಕಿದ ಬಗೆಯನ್ನೂ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಒಂದು ಸಭೆಯಲ್ಲಿ, ‘ಈ ಜವಾಬ್ದಾರಿ ಯಾರು ವಹಿಸಿಕೊಳ್ಳುತ್ತೀರಿ?’ ಎಂದು ನಮ್ಮ ವಿಭಾಗದ ಮೇಡಂ ಕೇಳುವುದಕ್ಕೂ, ಫ್ಯಾನು ಸ್ವಲ್ಪ ಕಡಿಮೆ ಮಾಡಿ ಎನ್ನಲು ನಾನು ಕೈ ಎತ್ತುವುದಕ್ಕೂ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಫ್ಯಾನಿನ ಮಾತು ಎತ್ತುವುದು ನನ್ನಿಂದಾಗಲಿಲ್ಲ.

ಕಾಲಕ್ರಮೇಣ ಹೆಮ್ಮೆಯೂ ಬಂತು. ನೆಂಟರಿಷ್ಟರ ನಡುವೆ ಕೂತಾಗ ‘ಅಂತರರಾಷ್ಟ್ರೀಯ ಜವಾಬ್ದಾರಿ’ ಎನ್ನುತ್ತಿದ್ದೆ. ಎಂಟು ವರ್ಷದಲ್ಲಿ ನೂರಾರು ಕೆಂಪು ಗೆರೆ ಬಂದವು, ಅಷ್ಟೂ ‘ಇವರಲ್ಲ’ ಎಂದು ಮುಚ್ಚಿಹೋದವು. ಒಮ್ಮೆ ನನ್ನ ಭಾವಮೈದ, “ಇಲ್ಲೀವರೆಗೆ ಎಷ್ಟು ಜನರನ್ನ ಹಿಡಿದಿದೀರಿ ಭಾವ?” ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ, “ನೆಗಡಿ ಇವರನ್ನ ಹಿಡಿದಿದೆ. ಇವರು ಯಾರನ್ನೂ ಹಿಡಿದಿಲ್ಲ,” ಎಂದಳು.

ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಹಾಗಾಗಿ ಒಂದು ಬುಧವಾರ ಬೆಳಿಗ್ಗೆ, ಪಟ್ಟಿಗೆ ಹೊಸದಾಗಿ ನಲವತ್ತೊಂದು ಹೆಸರು ಸೇರಿ, ಹನ್ನೊಂದು ಗಂಟೆಗೆ ಕೆಂಪು ಗೆರೆ ಬಂದಾಗ ನಾನು ಸ್ವಲ್ಪ ಹಸಿದೇ ಇದ್ದೆ ಎನ್ನಬೇಕು.

ಹೆಸರು ಅಕ್ಷರಕ್ಕೆ ಅಕ್ಷರ ಒಂದೇ. ತಂದೆಯ ಹೆಸರೂ ಒಂದೇ. ಹುಟ್ಟಿದ ದಿನ ಜನವರಿ ಒಂದು, ಅದೇ ವರ್ಷ. ಪಟ್ಟಿಯಲ್ಲಿದ್ದವನು ಹಡಗುಗಳ ಒಡೆಯ. ಸಮುದ್ರದ ಮಧ್ಯೆ ಬಾವುಟ ಬದಲಿಸಿ ಆಯುಧ ಸಾಗಿಸುತ್ತಿದ್ದನಂತೆ. ನಮ್ಮ ಗ್ರಾಹಕನ ಕಡತ ತೆಗೆದೆ. ಉದ್ಯೋಗ: ‘ವೈಯಕ್ತಿಕ ಸೇವೆ’. ಇಂಥ ಜಾರಿಕೆಯ ಮಾತನ್ನು ಯಾವ ಪ್ರಾಮಾಣಿಕ ಮನುಷ್ಯ ಬರೆಸುತ್ತಾನೆ? ಎರಡು ವಾರದ ಹಿಂದೆ ಪರದೇಶದ ಒಂದು ಬಂದರು ಊರಿನ ಕಂಪನಿಗೆ ಹಣ ಕಳಿಸಿದ್ದಾನೆ. ಬಂದರು! ಫೋಟೋ ಹದಿನೈದು ವರ್ಷ ಹಳೆಯದು, ಮೀಸೆಯೊಂದು ಕಂಡಿತು, ಮಿಕ್ಕಿದ್ದು ಮಸಿ. ವಿಳಾಸ ನೋಡಿದರೆ ನಮ್ಮ ಮನೆಯ ಬೀದಿಯೇ. ಎಲ್ಲಿ ಬಂದು ಅಡಗಿಕೊಂಡಿದ್ದಾನೆ ನೋಡು, ನನ್ನ ಮೂಗಿನ ಕೆಳಗೆ, ಎಂದುಕೊಂಡೆ.

ಫ್ರೀಜ್ ಗುಂಡಿ ಒತ್ತಿದೆ. ನಾಲ್ಕು ಪುಟದ ವರದಿ ಬರೆದೆ. ‘ಅನುಮಾನಕ್ಕೆ ಎಡೆಯೇ ಇಲ್ಲ’ ಎಂಬ ವಾಕ್ಯವನ್ನು ಎರಡು ಕಡೆ ಹಾಕಿದೆ, ಒಂದರ ಕೆಳಗೆ ಗೆರೆಯನ್ನೂ ಎಳೆದೆ. ಮೇಡಂ ಓದಿ, ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಕೂತುಕೊಳ್ಳಿ ಎಂದರು. ಶುಕ್ರವಾರ ಕೇಂದ್ರ ಕಚೇರಿಯಿಂದ ‘ಜಾಗರೂಕ ನೌಕರ’ ಎಂಬ ಪ್ರಮಾಣಪತ್ರವೂ ಬಂತು. ಅದರಲ್ಲಿ ನನ್ನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದರು. ಒಂದಕ್ಷರ ತಾನೇ ಎಂದು ಸುಮ್ಮನಾದೆ.

ಮನೆಗೆ ಬಂದು ಹೆಂಡತಿಗೆ, “ಒಂದು ದೊಡ್ಡ ತಿಮಿಂಗಿಲ ಬಲೆಗೆ ಬಿತ್ತು,” ಎಂದೆ.

“ಯಾರದು?”

“ಅದನ್ನ ಹೇಳೋ ಹಾಗಿಲ್ಲ.”

“ಹಾಗಾದ್ರೆ ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ,” ಎಂದಳು.

ಭಾನುವಾರ ಬೆಳಿಗ್ಗೆ ಎಂದಿನಂತೆ ಗಡ್ಡ ಮಾಡಿಸಿಕೊಳ್ಳಲು ಹೋದೆ. ನಮ್ಮ ಬೀದಿಯ ಕೊನೆಯಲ್ಲಿ, ಬೀಗದ ಕೈ ಮಾಡುವವನ ಗೂಡಂಗಡಿಯ ಪಕ್ಕ, ಎರಡು ಕನ್ನಡಿ, ಎರಡು ಕುರ್ಚಿಯ ಕ್ಷೌರದಂಗಡಿ. ಅಂಗಡಿಯವರಿಗೆ ನನಗಿಂತ ಏಳೆಂಟು ವರ್ಷ ಹೆಚ್ಚು. ಇಡೀ ಬೀದಿ ಅವರನ್ನು ‘ಅಣ್ಣ’ ಎನ್ನುತ್ತದೆ. ನಾನೂ ಹತ್ತೊಂಬತ್ತು ವರ್ಷದಿಂದ ಹಾಗೇ ಕರೆಯುತ್ತೇನೆ. ಎಡಗಡೆಯ ಕುರ್ಚಿ ಒಂದು ಮಗ್ಗುಲಿಗೆ ವಾಲಿದೆ. ಅದರಲ್ಲಿ ಕೂತವನು ಕತ್ತು ಬಲಕ್ಕೆ ಬಾಗಿಸಿದರೆ ಕನ್ನಡಿಯಲ್ಲಿ ನೆಟ್ಟಗೆ ಕಾಣುತ್ತಾನೆ.

ಅಣ್ಣ ನೊರೆ ಹಚ್ಚಿ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ, ನನ್ನ ಗಲ್ಲ ಮೇಲಕ್ಕೆತ್ತಿದರು.

“ಬ್ಯಾಂಕಿನವರು ನನ್ನ ತಲೆ ಬೋಳಿಸಿಬಿಟ್ರು ಸಾರ್,” ಎಂದರು. “ಹತ್ತೊಂಬತ್ತು ವರ್ಷದಿಂದ ಊರಿನ ತಲೆ ಬೋಳಿಸಿದ್ದಕ್ಕೆ ಇರ್ಬೇಕು.”

ನಾನು ನಕ್ಕೆ. ಹೌದು, ನಕ್ಕೆ. ಅದನ್ನು ಈಗ ಒಪ್ಪಿಕೊಳ್ಳಲೇಬೇಕು.

“ಬುಧವಾರದಿಂದ ಕಾರ್ಡು ನಡೀತಿಲ್ಲ. ಹೋಗಿ ಕೇಳಿದ್ರೆ ಪರಿಶೀಲನೆಯಲ್ಲಿದೆ ಅಂತಾರೆ. ಏನು ಪರಿಶೀಲನೆ ಅಂದ್ರೆ ಹೇಳೋ ಹಾಗಿಲ್ಲ ಅಂತಾರೆ. ಇದೋ, ಈ ವಾಲಿದ ಕುರ್ಚಿ ತೆಗೆದುಹಾಕಿ ಹೊಸದು ತರಿಸೋಣ ಅಂತ ಆ ಬಂದರು ಊರಿನ ಕಂಪನಿಗೆ ಮುಂಗಡ ಕಳಿಸಿದ್ದೆ. ಮಿಕ್ಕಿದ್ದು ಕಳಿಸೋಕೇ ಆಗ್ತಿಲ್ಲ.”

ಬುಧವಾರ. ಬಂದರು. ಈ ಬೀದಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ನನಗೆ ಅವಕಾಶವಿರಲಿಲ್ಲ. ಹೆಗಲ ಮೇಲೆ ಬಟ್ಟೆ, ಗಂಟಲ ಮೇಲೆ ಕತ್ತಿ.

“ನೀವೂ ಅದೇ ಬ್ಯಾಂಕಲ್ವಾ ಸಾರ್? ಸ್ವಲ್ಪ ವಿಚಾರಿಸ್ತೀರಾ?”

“ಹೂಂ,” ಎಂದೆ, ತುಟಿ ಅಲುಗಿಸದೆ. ಕತ್ತಿ ಕಿವಿಯ ಕಡೆಗೆ ಸರಿದ ಮೇಲೆ ಕೇಳಿದೆ: “ಅಣ್ಣಾ, ನಿಮ್ಮ ಹೆಸರೇನು?”

ಕತ್ತಿ ನಿಂತಿತು. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ, ಪಟ್ಟಿಯಲ್ಲಿದ್ದ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೇಳಿದರು.

ಮಾರನೆಯ ದಿನ ಮೇಡಂ ಕೋಣೆಗೆ ಹೋಗಿ ನಿಂತೆ.

“ಮೇಡಂ, ಅವರು ನಮ್ಮ ಬೀದಿಯ ಕ್ಷೌರದವರು.”

“ಯಾರು?”

“ಹಡಗಿನವರು.”

“ಅನುಮಾನಕ್ಕೆ ಎಡೆಯೇ ಇಲ್ಲ ಅಂತ ನೀವೇ ಬರೆದಿದೀರಲ್ಲ? ಎರಡು ಕಡೆ?”

“ಆಗ ಅವರು ಯಾರು ಅಂತ ಗೊತ್ತಿರ್ಲಿಲ್ಲ.”

“ಈಗ ಹೇಗೆ ಗೊತ್ತಾಯ್ತು?”

“ನಿನ್ನೆ ಗಡ್ಡ ಮಾಡಿಸ್ಕೊಂಡೆ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ ಅವರು, ಆದರೆ ಕಾಗದದಲ್ಲಿ ಇಲ್ಲದ್ದನ್ನು ಕಣ್ಣಲ್ಲಿ ಕಂಡರೂ ನಂಬಬಾರದೆಂದು ಮೂವತ್ತು ವರ್ಷದ ನೌಕರಿ ಅವರಿಗೆ ಕಲಿಸಿದೆ. “ಇದನ್ನ ನಾನು ಕೇಂದ್ರ ಕಚೇರಿಗೆ ಹೇಗೆ ಬರೀಲಿ, ಹೇಳಿ. ಫ್ರೀಜ್ ಮಾಡೋದು ಒಂದು ಗುಂಡಿ. ತೆಗೆಯೋಕೆ ಪುರಾವೆ ಬೇಕು. ಮತ್ತೆ ನೆನಪಿಟ್ಕೊಳ್ಳಿ, ಅವರಿಗೆ ಕಾರಣ ಹೇಳೋ ಹಾಗಿಲ್ಲ.”

ಹುಟ್ಟಿದ ದಿನದ ಗುಟ್ಟು ಬೇಗ ಬಯಲಾಯಿತು. ಅಣ್ಣ ಹುಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ; ಶಾಲೆಗೆ ಸೇರಿಸುವಾಗ ಮೇಷ್ಟ್ರು ಜನವರಿ ಒಂದು ಎಂದು ಬರೆದುಕೊಂಡಿದ್ದರು. ಪಟ್ಟಿಯ ವಿವರವನ್ನು ಕೊನೆಯವರೆಗೂ ಓದಿದರೆ, ಆ ಹಡಗಿನವನ ತಾರೀಖಿನ ಮುಂದೆಯೂ ಸಣ್ಣ ಅಕ್ಷರದಲ್ಲಿ ‘ಅಂದಾಜು’ ಎಂದಿತ್ತು. ಆ ಸಣ್ಣ ಅಕ್ಷರವನ್ನು ನಾನು ಬುಧವಾರವೇ ಓದಬಹುದಿತ್ತು. ಎರಡು ದಿಕ್ಕಿನಲ್ಲಿ, ಹುಟ್ಟಿದ ದಿನ ಯಾರಿಗೂ ನೆನಪಿರದ ಇಬ್ಬರು ಮಕ್ಕಳು ಬೆಳೆದು ದೊಡ್ಡವರಾದರು. ನಾನು ಅವರನ್ನು ಒಬ್ಬನನ್ನಾಗಿ ಮಾಡಿದೆ.

ಕೇಂದ್ರ ಕಚೇರಿಯಿಂದ ಒಂದು ಪ್ರಶ್ನಾವಳಿ ಬಂತು. ಕೆಳಗಿನ ಕೌಂಟರಿನಲ್ಲಿ ಅಣ್ಣನನ್ನು ಕರೆಸಿ ತುಂಬಿಸಿದರು. ನಾನು ಮೆಟ್ಟಿಲ ಬಾಗಿಲ ಹಿಂದೆ ನಿಂತು ಇಣುಕಿದೆ. ‘ತಮ್ಮ ಒಡೆತನದಲ್ಲಿರುವ ಹಡಗುಗಳ ಸಂಖ್ಯೆ’ ಎಂಬ ಕಡೆ ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಕೌಂಟರಿನ ಹುಡುಗಿಯನ್ನು, “ಇಲ್ಲ ಅಂತ ಬರೆದ್ರೆ ಖಾತೆ ಮುಚ್ಚಿಬಿಡ್ತಾರೇನಮ್ಮಾ?” ಎಂದು ಕೇಳಿದರು.

ಆ ಕಾಗದ ಹತ್ತು ದಿನದಲ್ಲಿ ವಾಪಸು ಬಂತು. ಗ್ರಾಹಕರ ಸ್ವಂತ ಹೇಳಿಕೆ ಸಾಲದು. ಪಾಸ್‌ಪೋರ್ಟ್ ಇಲ್ಲ ಎಂದು ಬರೆದಿದ್ದಾರೆ. ಪಾಸ್‌ಪೋರ್ಟ್ ಇಲ್ಲದಿರುವುದು ಪ್ರಯಾಣ ಮಾಡಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಪಟ್ಟಿಯ ಪ್ರಕಾರ ಐದು ವರ್ಷದ ಹಿಂದೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆ ವ್ಯಕ್ತಿ ದೂರದ ಬಂದರೊಂದರಲ್ಲಿ ಕಚೇರಿ ಇಟ್ಟುಕೊಂಡಿದ್ದ. ಆ ಅವಧಿಯಲ್ಲಿ ಗ್ರಾಹಕರು ಇಲ್ಲೇ ಇದ್ದರೆಂದು ತೋರಿಸುವ ಬರಹದ ದಾಖಲೆ ಬೇಕು.

ಐದು ವರ್ಷದ ಹಿಂದೆ ನೀವು ಎಲ್ಲಿದ್ದಿರಿ ಎಂಬುದಕ್ಕೆ ನಿಮ್ಮ ಹತ್ತಿರ ಬರಹದ ದಾಖಲೆ ಇದೆಯೇ? ನನ್ನ ಹತ್ತಿರವೂ ಇರಲಿಲ್ಲ.

ಮೂರು ವಾರ ನಾನು ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ತಲೆ ಹಾಕದಿದ್ದರೆ ಕೂದಲು ಬೆಳೆಯುತ್ತದೆ. ಇದ್ದ ನಾಲ್ಕು ಕೂದಲು ಕಿವಿಯ ಮೇಲೆ ಇಳಿದವು. ಮನೆಯಲ್ಲೇ ಗಡ್ಡ ಮಾಡಿಕೊಳ್ಳಲು ಹೋಗಿ ಗಲ್ಲದ ಎರಡು ಕಡೆ ಕೊಯ್ದುಕೊಂಡೆ. ಬ್ಯಾಂಕಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದೆ.

ಒಂದು ಸಂಜೆ ಹೆಂಡತಿ ಟೀ ಲೋಟ ಮುಂದಿಟ್ಟು ಎದುರಿಗೆ ಕೂತಳು. “ಏನ್ರೀ ಸಮಾಚಾರ? ಹಿಂದಿನ ಬೀದೀಲಿ ನಿಮಗೇನು ಕೆಲಸ? ನೀವು ಯಾಕೆ ಬರ್ತಿಲ್ಲ ಅಂತ ಕ್ಷೌರದ ಅಣ್ಣ ಕೇಳ್ತಿದ್ರು. ಪಾಪ, ಅವರ ಮುಖವೇ ಇಳಿದುಹೋಗಿದೆ.”

ನಾನು ಹೇಳಿದೆ. ಹೇಳಬಾರದ್ದನ್ನೂ ಅರ್ಧ ಹೇಳಿದೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅನ್ನಿ,” ಎಂದಳು ಕೊನೆಗೆ. “ಇದೇನಾ ನಿಮ್ಮ ತಿಮಿಂಗಿಲ? ಹೋಗಿ ಅವರಿಗೆ ಹೇಳಿ.”

“ಯಾಕೆ ಫ್ರೀಜ್ ಆಯ್ತು ಅಂತ ಹೇಳೋ ಹಾಗಿಲ್ಲ ಕಣೇ. ನಿಯಮ.”

“ಯಾಕೆ ಅಂತ ಹೇಳ್ಬೇಡಿ. ಯಾರು ಮಾಡಿದ್ದು ಅಂತ ಹೇಳಿ. ಅದಕ್ಕೂ ನಿಯಮ ಇದೆಯಾ?”

ಇರಲಿಲ್ಲ. ಅಂದು ರಾತ್ರಿಯೆಲ್ಲ ನಿದ್ದೆ ಕೆಟ್ಟು ನಿಯಮಾವಳಿಯನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಎಲ್ಲೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ, ಅಂಗಡಿ ಖಾಲಿಯಿರುವ ಹೊತ್ತು ನೋಡಿಕೊಂಡು ಹೋದೆ. ಅಣ್ಣ ಪತ್ರಿಕೆ ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ: “ಅಣ್ಣಾ, ನಿಮ್ಮ ಖಾತೆ ನಿಲ್ಲಿಸಿದ್ದು ನಾನೇ. ಬೇರೆ ಯಾರನ್ನೋ ನೀವು ಅಂದ್ಕೊಂಡೆ. ತಪ್ಪು ನಂದು.”

ಅವರು ಪತ್ರಿಕೆ ಮಡಿಸಿದರು. ಮತ್ತೊಮ್ಮೆ ಮಡಿಸಿದರು. ಆಮೇಲೆ ವಾಲಿದ ಕುರ್ಚಿಯ ಮೇಲೆ ಟವೆಲಿನಿಂದ ಎರಡೇಟು ಹೊಡೆದು, “ಕೂತ್ಕೊಳ್ಳಿ. ಕೂದಲು ಕಿವಿ ಮೇಲೆ ಬಂದಿದೆ,” ಎಂದರು.

ಕೂತೆ. ಅವರು ಕತ್ತರಿ ಕೈಗೆತ್ತಿಕೊಂಡರು.

“ಆ ಬೇರೆ ಯಾರೋ ಅಂದ್ರಲ್ಲ, ಅವನಿಗೂ ನನ್ನ ಹೆಸರೇನಾ?” ಎಂದು ಕೇಳಿದರು.

“ಹೇಳೋ ಹಾಗಿಲ್ಲ ಅಣ್ಣಾ.”

“ಚೆನ್ನಾಗಿದಾನಾ?”

“ನಮ್ಮಿಬ್ಬರಿಗಿಂತ.”

“ಆ ಹೆಸರಿಂದ ಯಾರಾದ್ರೂ ಉದ್ಧಾರ ಆದ್ರಲ್ಲ, ಸಂತೋಷ.” ಬಾಚಣಿಗೆ ಒರೆಸಿಕೊಂಡರು. ಆಮೇಲೆ, ನನ್ನ ತಲೆಯ ಹಿಂಭಾಗಕ್ಕೆ ಹೇಳುವವರಂತೆ ನಿಧಾನವಾಗಿ ಹೇಳಿದರು: “ನಿಮ್ಮ ಮಗಳು ಯಾವ ಪರೀಕ್ಷೇಲಿ ಯಾವ ವಿಷಯಕ್ಕೆ ಅತ್ತಳು, ನನಗೆ ಗೊತ್ತು. ನಿಮ್ಮ ಅತ್ತೆ ನಿಮ್ಮ ಬಗ್ಗೆ ಏನಂದ್ರು, ಗೊತ್ತು. ನಿಮ್ಮ ಬಲ ಮಂಡಿ ಯಾವ ಚಳಿಗೆ ನೋಯುತ್ತೆ, ಅದೂ ಗೊತ್ತು. ನನ್ನ ಹೆಸರು ಗೊತ್ತಿದ್ದಿದ್ರೆ ನೀವು ಆ ಗುಂಡಿ ಒತ್ತುತ್ತಿರ್ಲಿಲ್ಲ, ಅಲ್ವಾ ಸಾರ್?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಈ ಪ್ರಶ್ನೆಗೆ ಮಾತ್ರ ಸಿದ್ಧನಾಗಿರಲಿಲ್ಲ. ಆ ದಿನ ಅವರು ನನ್ನಿಂದ ದುಡ್ಡು ತೆಗೆದುಕೊಂಡರು, ಎಂದಿನಷ್ಟೇ. ಅದರಿಂದ ಯಾಕೋ ಸ್ವಲ್ಪ ಸಮಾಧಾನವಾಯಿತು.

ಮಂಡಿಯ ಮಾತನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. “ನೀವು ಕಾಲು ಮುರ್ಕೊಂಡದ್ದು ಯಾವ ವರ್ಷ?”

ಐದು ವರ್ಷದ ಹಿಂದೆ. ಬ್ಯಾಂಕಿಗೆ ಬೆಂಕಿ ಬಿದ್ದರೆ ಗಾಬರಿಯಿಲ್ಲದೆ ಮೆಟ್ಟಿಲು ಇಳಿಯುವುದು ಹೇಗೆಂದು ಸಿಬ್ಬಂದಿಗೆ ತೋರಿಸಿಕೊಡುವ ಅಭ್ಯಾಸದಲ್ಲಿ ನಾನು ಮುಂದಾಳಾಗಿದ್ದೆ. ಕೊನೆಯ ಏಳು ಮೆಟ್ಟಿಲುಗಳನ್ನು ಒಟ್ಟಿಗೆ ಇಳಿದೆ. ಮಾರ್ಚ್ ಕೊನೆಯಿಂದ ಆಗಸ್ಟ್‌ವರೆಗೆ ನಾಲ್ಕನೆಯ ಮಹಡಿಯ ನಮ್ಮ ಮನೆಯಲ್ಲೇ ಬಿದ್ದುಕೊಂಡಿದ್ದೆ. ಲಿಫ್ಟ್ ಆಗಲೂ ಕೆಟ್ಟಿತ್ತು.

“ಆಗ ನಿಮಗೆ ಗಡ್ಡ ಮಾಡಿದ್ದು ಯಾರು? ನಾನಾ? ವಾರ ಬಿಟ್ಟು ವಾರ ಅಣ್ಣ ತಾವೇ ನಾಲ್ಕು ಮಹಡಿ ಹತ್ತಿ ಬರ್ತಿದ್ರು. ಕೆಳಗೆ ವಾಚ್‌ಮನ್ ಯಾರನ್ನೂ ಹೆಸರು ಬರೆಸದೆ ಒಳಗೆ ಬಿಡಲ್ಲ.”

ನನಗೆ ಹೊಳೆದದ್ದು ಆಗ. ಎಂಟು ವರ್ಷದ ಅಂತರರಾಷ್ಟ್ರೀಯ ಅನುಭವಕ್ಕೆ ಹೊಳೆಯದ್ದು ಅವಳಿಗೆ ಒಗೆದ ಬಟ್ಟೆ ಮಡಿಸುತ್ತ ಹೊಳೆದಿತ್ತು. ಹಳೆಯ ರಿಜಿಸ್ಟರುಗಳನ್ನು ನೀರಿನ ಪಂಪಿನ ಕೋಣೆಯಲ್ಲಿ ಬಣ್ಣದ ಡಬ್ಬಗಳ ಕೆಳಗೆ ತುಂಬಿಟ್ಟಿದ್ದರು. ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಹತ್ತಿರ ಬೀಗದ ಕೈ ವಸೂಲಿ ಮಾಡಿದವಳೂ ಅವಳೇ. ಇಬ್ಬರೂ ನೆಲದ ಮೇಲೆ ಕೂತು, ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನು ಸ್ಕೇಲಿನಿಂದ ಬಿಡಿಸುತ್ತ ಹೋದೆವು. ಏಪ್ರಿಲ್‌ನ ಎರಡನೆಯ ಭಾನುವಾರ ಸಿಕ್ಕಿತು. ಹೆಸರು, ಸಹಿ, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ‘ಬಂದ ಕಾರಣ’ ಎಂಬ ಕಡೆ ದುಂಡಗೆ ‘ಕ್ಷೌರ’. ಒಟ್ಟು ಹನ್ನೊಂದು ಸಲ. ಜುಲೈಯ ಒಂದು ದಿನ ‘ಕ್ಷೌರ ಮತ್ತು ಮಾತು’ ಎಂದು ಬರೆದಿದ್ದರು. ಆ ದಿನ ಒಳಗೆ ಬಂದಿದ್ದು ಒಂಬತ್ತಕ್ಕೆ, ಹೋದದ್ದು ಹನ್ನೊಂದೂವರೆಗೆ. ಏನು ಮಾತಾಡಿದೆವೋ ನನಗೆ ನೆನಪಿಲ್ಲ. ಬಹುಶಃ ನಾನೇ ಮಾತಾಡಿರಬೇಕು.

ರಿಜಿಸ್ಟರು ನೋಡಿ ಮೇಡಂ ಕಣ್ಣು ಅರಳಿಸಿದರು, ಕೊನೆಗೂ ಕಾಗದ. ಆದರೆ, “ನೀವು ಈಗ ಸಾಕ್ಷಿ. ಸಾಕ್ಷಿಯಾದವರು ಪರೀಕ್ಷಕರಾಗಿರೋ ಹಾಗಿಲ್ಲ,” ಎಂದು ಆ ಕಡತವನ್ನು ನನ್ನಿಂದ ಕಿತ್ತುಕೊಂಡು, ಒಂದು ಹೇಳಿಕೆ ಬರೆದುಕೊಡಲು ಹೇಳಿದರು. ಬರೆದೆ: ‘ಮೇಲ್ಕಂಡ ಹನ್ನೊಂದು ದಿನಗಳಂದು ಸದರಿ ವ್ಯಕ್ತಿಯು ನನ್ನ ತಲೆಯ ಬಳಿ ಇದ್ದರೆಂದು ಈ ಮೂಲಕ ದೃಢೀಕರಿಸುತ್ತೇನೆ.’ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಬರೆದ ಅತ್ಯಂತ ಸತ್ಯವಾದ ವಾಕ್ಯ ಅದು.

ಕೇಂದ್ರ ಕಚೇರಿಯಿಂದ ಒಬ್ಬ ಅಧಿಕಾರಿ ಫೋನಿನಲ್ಲಿ ವಿಚಾರಣೆ ಮಾಡಿದರು. ದನಿ ಎಳೆಯದು.

“ಆಗ ಬರುತ್ತಿದ್ದವರೂ ಈಗಿನ ಗ್ರಾಹಕರೂ ಒಬ್ಬರೇ ಅಂತ ಹೇಗೆ ಹೇಳ್ತೀರಿ?”

“ಕೈ ಗೊತ್ತು ಸಾರ್.”

“ಕೈ ಅಂದ್ರೆ? ಬೆರಳಚ್ಚಾ?”

“ಅಲ್ಲ. ಕಿವಿ ಹಿಂದೆ ಕತ್ತಿ ಆಡಿಸೋವಾಗ ಎಡಗೈ ಹೆಬ್ಬೆರಳಿಂದ ಕಿವಿ ಮಡಿಸಿ ಹಿಡೀತಾರೆ. ಬೇರೆ ಯಾರೂ ಹಾಗೆ ಹಿಡಿಯಲ್ಲ.”

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. ಅದನ್ನು ಅವರು ಹೇಗೆ ಬರೆದುಕೊಂಡರೋ ಗೊತ್ತಿಲ್ಲ.

ಐವತ್ತಮೂರನೆಯ ದಿನ ಖಾತೆ ಬಿಟ್ಟರು. ಎರಡು ಸಾಲಿನ ಪತ್ರ. ಎರಡನೆಯ ಸಾಲು ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’. ಪತ್ರವನ್ನು ನಾನೇ ಒಯ್ದು ಕೊಟ್ಟೆ. ಅಣ್ಣ ಓದಿ, ಕನ್ನಡಿಯ ಚೌಕಟ್ಟಿನ ಸಂದಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಅವರು ಮುಂಗಡ ಕೊಟ್ಟಿದ್ದ ಹೊಸ ಕುರ್ಚಿಯನ್ನು ಕಂಪನಿಯವರು ಬೇರೆಯವರಿಗೆ ಮಾರಿಬಿಟ್ಟಿದ್ದರು. ಎರಡು ತಿಂಗಳ ಬಾಡಿಗೆಯನ್ನು ಅಣ್ಣ ಬೀಗದ ಕೈಯವನ ಹತ್ತಿರ ಕೈಗಡ ಮಾಡಿ ಕಟ್ಟಿದ್ದರಂತೆ. ಅದು ನನಗೆ ಗೊತ್ತಾದದ್ದೂ ಬೀಗದ ಕೈಯವನಿಂದಲೇ. ‘ಜಾಗರೂಕ ನೌಕರ’ ಪ್ರಮಾಣಪತ್ರವನ್ನು ಯಾರೂ ವಾಪಸು ಕೇಳಲಿಲ್ಲ. ನಾನೇ ಕೊಡಲು ಹೋದರೆ, “ವಾಪಸು ತಗೊಳ್ಳೋಕೆ ನಮೂನೆ ಇಲ್ಲ,” ಎಂದರು ಮೇಡಂ.

ಮರು ತಿಂಗಳು ಅಣ್ಣ ತಮ್ಮ ಖಾತೆಯನ್ನು ಎದುರು ರಸ್ತೆಯ ಇನ್ನೊಂದು ಬ್ಯಾಂಕಿಗೆ ಒಯ್ದರು. “ಬೇಜಾರು ಮಾಡ್ಕೋಬೇಡಿ ಸಾರ್. ತಲೆ ನಿಮ್ಮದು ನಾನು ನೋಡ್ಕೊಳ್ತೀನಿ. ದುಡ್ಡು ನಂದು ನೀವು ನೋಡ್ಕೊಳ್ಳೋದು ಬೇಡ,” ಎಂದರು. ನ್ಯಾಯವೇ. ಆದರೆ ಅದೇ ಪಟ್ಟಿ ಆ ಬ್ಯಾಂಕಿನಲ್ಲೂ ಇದೆ. ಮೂರನೆಯ ದಿನಕ್ಕೆ ಅಲ್ಲೂ ಕೆಂಪು ಗೆರೆ ಬಂತು. ಈ ಸಲ ನಾನು ಕಾಯಲಿಲ್ಲ. ಅಣ್ಣನ ಒಪ್ಪಿಗೆ ಕೇಳಿ, ರಿಜಿಸ್ಟರಿನ ನಕಲು, ಬಿಡುಗಡೆಯ ಪತ್ರ, ನನ್ನ ಹೇಳಿಕೆ ಎಲ್ಲವನ್ನೂ ಜೋಡಿಸಿಕೊಂಡು ರಸ್ತೆ ದಾಟಿದೆ. ಅಲ್ಲಿ ಪಟ್ಟಿ ನೋಡುವವರು ಒಬ್ಬ ಹೆಂಗಸು, ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕ ಕೂತಿದ್ದರು. ಎಲ್ಲವನ್ನೂ ಸಣ್ಣ ಅಕ್ಷರದವರೆಗೂ ಓದಿದರು. ಆಮೇಲೆ, “ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ?” ಎಂದು ಕೇಳಿದರು. ಫ್ಯಾನಿನ ಕಥೆ ಹೇಳಿದೆ. ಅವರು ನಗಲಿಲ್ಲ. ಅವರು ಸಭೆಗೆ ತಡವಾಗಿ ಹೋಗಿದ್ದರಂತೆ; ಅಷ್ಟರಲ್ಲಿ ಹೆಸರು ಬರೆದಾಗಿತ್ತು. ಮಧ್ಯಾಹ್ನದೊಳಗೆ ಅಣ್ಣನ ಖಾತೆ ತೆರೆಯಿತು.

ಪಟ್ಟಿ ಈಗಲೂ ಬರುತ್ತದೆ, ನಾನೂ ಅದೇ ಮೇಜಿನಲ್ಲಿದ್ದೇನೆ. ಅದು ಬೇಡದ ಪಟ್ಟಿಯೆಂದು ನಾನು ಹೇಳುವುದಿಲ್ಲ. ಆ ಹಡಗಿನವನು ಎಲ್ಲೋ ನಿಜವಾಗಿಯೂ ಇದ್ದಾನೆ. ಖಾತೆಯನ್ನು ಅದೇ ದಿನ ತಡೆಯಲೇಬೇಕು, ತಡೆಯುತ್ತೇನೆ. ಆದರೆ ಅದೇ ದಿನ, ಸಂಜೆ ಮನೆಗೆ ಹೊರಡುವ ಮೊದಲು, ಸಣ್ಣ ಅಕ್ಷರ ಓದುತ್ತೇನೆ, ಕೌಂಟರಿಗೆ ಇಳಿದು ಈ ಮನುಷ್ಯ ಏನು ಕೆಲಸ ಮಾಡುತ್ತಾರೆ, ಇವರನ್ನು ಯಾರು ಬಲ್ಲರು ಎಂದು ಕೇಳುತ್ತೇನೆ. ಹೋದ ತಿಂಗಳು ಒಬ್ಬ ಹೊಲಿಗೆಯವಳ ಖಾತೆ ಒಂದೂವರೆ ದಿನದಲ್ಲಿ ಬಿಡುಗಡೆಯಾಯಿತು. ಮೆಟ್ಟಿಲು ಹತ್ತಿ ಇಳಿದು ಬಲ ಮಂಡಿ ನೋಯುತ್ತದೆ, ವರದಿಗಳು ತಡವಾಗುತ್ತವೆ. ಈ ವರ್ಷದ ಮೌಲ್ಯಮಾಪನದಲ್ಲಿ ‘ಸುಧಾರಿಸಿಕೊಳ್ಳಬೇಕಾದ ಅಂಶ’ ಎಂಬ ಕಡೆ ಮೇಡಂ ‘ವೇಗ’ ಎಂದು ಬರೆದಿದ್ದಾರೆ. ನಾನು ಓದಿ, ಕೆಳಗೆ ಸಹಿ ಮಾಡಿದ್ದೇನೆ.